ಹೊರಸಿನ ಕೆಳಗಿನ ಕೆಂಡ

ಬೆಳಿಗ್ಗೆ ಎದ್ದವಳು ಮೊದಲು ತುಳಸಿಯ ಎಲೆ ಒರೆಸಿದೆ. ವಾಡಿಯಲ್ಲಿ ಸಂಸಾರ ಮಾಡುವ ಹೆಂಗಸರಿಗೆ ಇದು ಹಲ್ಲುಜ್ಜಿದಷ್ಟೇ ರೂಢಿ. ರಾತ್ರಿ ಸಿಮೆಂಟ್ ಕಾರ್ಖಾನೆಯಿಂದ ಬಂದು ಉದುರಿದ ಬೂದು ಧೂಳಿನ ಮೇಲೆ ಒಮ್ಮೆಲೇ ನೀರು ಹಾಕಿದರೆ ಅದು ಎಲೆಗೆ ಕಚ್ಚಿಕೊಂಡುಬಿಡುತ್ತದೆ. ಮೊದಲು ಒಣ ಬಟ್ಟೆ, ಆಮೇಲೆ ನೀರು. ಅಂಗಳಕ್ಕೆ ಹಾಸಿದ ಪರಸಿ ಕಲ್ಲು ಬರಿಗಾಲಿಗೆ ತಂಪು ಕೊಡಬೇಕಾದ ಹೊತ್ತು ಅದು. ಕೊಡಲಿಲ್ಲ. ಹಿಂದಿನ ದಿನದ ಬಿಸಿಲು ಕಲ್ಲಿನಲ್ಲೇ ಮಲಗಿ ಎದ್ದಂತಿತ್ತು.

ಹಾಲು ಬಂದ ಕೂಡಲೇ ಕಾಯಲು ಇಟ್ಟೆ. ಆ ತಿಂಗಳು ಹಾಲನ್ನು ಒಂದು ಗಳಿಗೆ ಹಾಗೇ ಬಿಟ್ಟರೂ ಒಡೆಯುತ್ತಿತ್ತು. ಒಲೆಯ ಮುಂದೆ ನಿಂತಿದ್ದಾಗ ಹಿತ್ತಲಿನಿಂದ ಇದ್ದಿಲಿನ ವಾಸನೆ ಬಂತು. ನಮ್ಮ ಅತ್ತೆಯವರು ನನಗಿಂತ ಮೊದಲೇ ಎದ್ದು, ಮೂರು ಕಾಲಿನ ಕಬ್ಬಿಣದ ಅಗ್ಗಿಷ್ಟಿಗೆಯಲ್ಲಿ ಇದ್ದಿಲು ತುಂಬಿ, ಹಳೆಯ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದರು. ಕೆಂಡ ಚೆನ್ನಾಗಿ ಕೆಂಪಾದ ಮೇಲೆ ಸೆರಗಿನಿಂದ ಹಿಡಿದು, ಒಳಗಿನ ಖೋಲಿಗೆ ಒಯ್ದು, ನನ್ನ ಮಗಳು ಮಲಗಿದ್ದ ಹೊರಸಿನ ಕೆಳಗೆ ತಳ್ಳಿದರು.

ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಆ ದಿನ ಅದನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಖೋಲಿಯ ಒಂದೇ ಒಂದು ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೆಯ ಸೀರೆಯ ಚೂರು ತುರುಕಿದ್ದರು. ಮಗಳ ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಮೈಮೇಲೆ ದುಪ್ಪಟಿ. ಪಕ್ಕದಲ್ಲಿ ಕೂಸು, ತಲೆಯಿಂದ ಬೆನ್ನಿನವರೆಗೂ ಇಳಿಬೀಳುವ ಕುಂಚಿಗೆಯಲ್ಲಿ ಮುಖವಷ್ಟೇ ಕಾಣುವಂತೆ. ಕೆಳಗೆ ಕೆಂಡ.

"ಅತ್ತಿಯೋರ, ಇವತ್ತೊಂದಿನ ಕೆಂಡ ಬ್ಯಾಡ್ರಿ. ಧಗಿ ಭಾಳ ಅದ," ಎಂದೆ.

"ಬಾಣಂತಿ ಮೈ ಹಸಿ ಗಡಿಗಿ ಇದ್ದಂಗವ್ವಾ. ಸುಡಲಿಲ್ಲಂದ್ರ ನೀರು ಹಾಕಿದ ಕೂಡ್ಲೆ ಕರಗ್ತದ. ನಿನಗೂ ಹಿಂಗೇ ಕಾಸಿದ್ನಲ್ಲ? ಇದೇ ಖೋಲಿ, ಇದೇ ಹೊರಸು, ಇದೇ ತಿಂಗಳ. ಸತ್ತೇನು?"

ನಗುತ್ತಲೇ ಅಂದರು. ಅವರದು ಒರಟುತನವಲ್ಲ. ಮೊಮ್ಮಗಳು ಬಂದಾಗಿನಿಂದ ಅವರು ಕಣ್ತುಂಬ ನಿದ್ದೆ ಮಾಡಿರಲಿಲ್ಲ. ನಡುರಾತ್ರಿ ಎದ್ದು ಕೆಂಡಕ್ಕೆ ಬೂದಿ ಮುಸುಕಿದೆಯೋ ನೋಡುತ್ತಿದ್ದರು, ಅಂಟಿನುಂಡಿಯ ಅಂಟನ್ನು ತಾವೇ ಕೂತು ತುಪ್ಪದಲ್ಲಿ ಹುರಿದಿದ್ದರು. ಬಾಣಂತನದಲ್ಲಿ ಥಂಡಿ ಹತ್ತಿ ಸನ್ನಿ ಹಿಡಿದು ಸತ್ತ ತಮ್ಮ ಅಕ್ಕನನ್ನು ಅವರು ಕಣ್ಣಾರೆ ನೋಡಿದವರು. ಆ ಭಯದ ಮುಂದೆ ನನ್ನ ಮಾತು ಯಾವ ಲೆಕ್ಕ?

ಆದರೆ ಅವರು ಹೇಳಿದ್ದೇ ನನ್ನನ್ನು ಕೊರೆಯತೊಡಗಿತು. ಹೌದು, ಇದೇ ಖೋಲಿ, ಇದೇ ಹೊರಸು, ಇದೇ ತಿಂಗಳು. ಈ ಮಗಳನ್ನು ಹಡೆದು ನಾನು ಇಲ್ಲೇ ಮಲಗಿದ್ದೆ. ತಾಯಿ ಇಲ್ಲದ ನನಗೆ ಅತ್ತೆಯವರೇ ಬಾಣಂತನ ಮಾಡಿದ್ದರು. ಹಗಲೆಲ್ಲ ಬೆವರಿದರೂ ನಸುಕಿನಲ್ಲಿ ಮಾಳಿಗೆಯ ಪರಸಿ ಆರಿ, ಮೇಲಿನಿಂದ ತಣ್ಣನೆಯದೊಂದು ಇಳಿದುಬರುತ್ತಿತ್ತು. ಕೆಂಡ ಬೂದಿಯಾದ ಆ ಹೊತ್ತಿನಲ್ಲಿ ನಾನು ಕೌದಿ ಬೇಡುತ್ತಿದ್ದೆ. ಆ ಕೌದಿಯ ನುಸಿಗುಳಿಗೆಯ ವಾಸನೆ ಇಂದಿಗೂ ಮೂಗಿನಲ್ಲಿದೆ. ಈಗ ಅದೇ ನಸುಕಿನಲ್ಲಿ ಗೋಡೆಗೆ ಅಂಗೈ ಇಟ್ಟು ನೋಡಿದೆ. ರೊಟ್ಟಿ ಬೇಯಿಸಿ ಇಳಿಸಿದ ಹಂಚಿನಂತಿತ್ತು. ಕೆಂಡ ಅಂದಿನಷ್ಟೇ. ಕೆಂಡದ ಸುತ್ತಲಿನದೇ ಬೇರೆಯಾಗಿತ್ತು.

ನಾನು ಸುಮ್ಮನೆ ಅಗ್ಗಿಷ್ಟಿಗೆಯನ್ನು ಬಾಗಿಲ ಕಡೆಗೆ ಎಳೆದಿಟ್ಟೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಮತ್ತೆ ಹೊರಸಿನ ಕೆಳಗಿತ್ತು.

ಹತ್ತು ಗಂಟೆಯ ಸುಮಾರಿಗೆ ಮನೆ ತುಂಬಿತು. ಚಿಂಚೋಳಿಯಿಂದ ಅಳಿಯ, ಅವನ ಅಕ್ಕ, ಸೇಡಂನಿಂದ ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಓಣಿಯ ಹೆಂಗಸರು. ಪಕ್ಕದ ಮನೆಯಾಕೆ ಎಲ್ಲರಿಗಿಂತ ಮೊದಲು ಬಂದು ತೊಟ್ಟಿಲಿಗೆ ಹೂ ಕಟ್ಟಿದಳು. ಅವಳ ಮಗಳೂ ಹಡೆದು ಚಿತ್ತಾಪುರದ ದವಾಖಾನೆಯಲ್ಲಿದ್ದಳು. "ನಮ್ಮದೂ ಇದೇ ಹಾಡು ವೈನಿ. ಯಾರ್ ಮಾಡ್ಯಾರೋ ಏನೋ ಈ ಬಿಸಲ, ನಾ ಅಂತೂ ಮಾಡಿಲ್ಲಪ್ಪ," ಎಂದು ಸೆರಗಿನಿಂದ ಗಾಳಿ ಹಾಕಿಕೊಂಡಳು. ಎಲ್ಲರೂ ನಕ್ಕರು.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಅಳಿಯನ ಅಕ್ಕ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, "ಬಾಯೀ, ಮೆತ್ತಗ ಗುದ್ದ್ರಿ, ನಾಳಿ ನಾ ಡ್ಯೂಟಿಗಿ ಹೋಗಬೇಕು" ಎಂದು ಅವಳು ಕೂಗಿದಳು. ಅಷ್ಟು ಗದ್ದಲದಲ್ಲೂ ಕೂಸು ಅಳಲಿಲ್ಲ. "ಎಷ್ಟ್ ಸಾಧು ಅದ ನೋಡು," ಎಂದರು. ನನಗೆ ಅದರ ತುಟಿಯ ಅಂಚು ಕಂಡಿತು. ಬಿಳಿ ಸಿಪ್ಪೆ ಎದ್ದಿತ್ತು, ಈರುಳ್ಳಿಯ ಒಳಪದರಿನಷ್ಟು ತೆಳ್ಳಗೆ.

ಗುಗ್ಗರಿ ಹಂಚಿ, ಊಟವಾಗಿ, ಅಳಿಯನ ಅಕ್ಕ ಬಸ್ಸಿಗೆ, ಹೆಂಗಸರು ತಮ್ಮ ತಮ್ಮ ಮನೆಗೆ ಹೋದ ಮೇಲೆ ಹಿತ್ತಲಿಗೆ ಹೋದೆ. ಬಟ್ಟೆ ಒಣಹಾಕುವ ಹಗ್ಗ ನೋಡಿ ನಿಂತೆ. ದಿನವೂ ಅಷ್ಟೊತ್ತಿಗೆ ಆ ಹಗ್ಗದ ತುಂಬ ಕೂಸಿನ ಕೆಳಗೆ ಹಾಕುವ ಬಟ್ಟೆಯ ಚೌಕಗಳು ತೂಗಾಡುತ್ತಿದ್ದವು. ಹಳೆಯ ಮೆತ್ತನೆಯ ಧೋತರ ಹರಿದು ನಾನೇ ಮಾಡಿದವು. ಆ ದಿನ ಹಗ್ಗ ಬರಿದಾಗಿತ್ತು. ಕಾರ್ಯದ ಗಡಿಬಿಡಿಯಲ್ಲಿ ಒಗೆಯುವುದು ಮರೆತೆನೇ ಎಂದು ಬುಟ್ಟಿ ನೋಡಿದೆ. ಬುಟ್ಟಿಯೂ ಬರಿದು. ಕೂಸು ಬೆಳಗಿನಿಂದ ಬಟ್ಟೆ ಹಸಿ ಮಾಡಿರಲಿಲ್ಲ.

ಖೋಲಿಗೆ ಹೋದರೆ ಮಗಳು, "ಮಮ್ಮಿ, ಹಾಲು ಕುಡೀವಲ್ದು. ಬಾಯಿ ಇಟ್ಟು ಹಂಗೇ ಮಲಗ್ತದ. ನನಗೂ ತಲಿ ಸಿಡೀಲಿಕತ್ತದ," ಎಂದಳು. ಕೂಸಿನ ನೆತ್ತಿಗೆ ಕೈ ಇಟ್ಟೆ. ಅಲ್ಲಿ ಮೆತ್ತಗೆ ಮಿಡಿಯುವ ಜಾಗ ತುಸು ಒಳಗಿಳಿದಿತ್ತು. ಮೈ ಕಾಯುತ್ತಿತ್ತು. ಅತ್ತೆಯವರು ಗೋಡೆಗೆ ಒರಗಿ, ಕೈಯಲ್ಲಿ ಲೋಬಾನದ ಡಬ್ಬಿ ಹಿಡಿದೇ ಜೋಂಪು ಹತ್ತಿ ಕೂತಿದ್ದರು. ಕುಂಚಿಗೆ ಬಿಚ್ಚಿ, ಕೆಂಡ ಹೊರಗಿಟ್ಟು, ಯಜಮಾನರಿಗೆ ಹೇಳಲು ನಡುಮನೆಗೆ ಬಂದೆ.

ನಡುಮನೆಯಲ್ಲಿ ಮೂವರು ಗಂಡಸರು ಹೊಸ ಕೂಲರಿನ ಮುಂದೆ ಕೂತಿದ್ದರು. ಬೀಗರು ಬರುತ್ತಾರೆಂದು ಯಜಮಾನರು ಕಲಬುರಗಿಯಿಂದ ತಂದದ್ದು; ಅದಕ್ಕೆ ಬೆಳಗಿನಿಂದ ಕೊಡ ಕೊಡ ನೀರು ಸುರಿದವಳು ನಾನು. ಟಿವಿಯಲ್ಲಿ ಸದ್ದಿಲ್ಲದೆ ನಾಲ್ಕು ಮುಖಗಳು ನಾಲ್ಕು ಚೌಕದಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದವು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಭೂಮಿ ಬಿಸಿಗೆ ಯಾರು ಕಾರಣ?' ಎಂದು ಓಡುತ್ತಿತ್ತು. ಅದರ ಸದ್ದು ಬೇಕಾಗಿರಲಿಲ್ಲ, ಇವರದೇ ಸಾಕಿತ್ತು. ಹಿಂದಿನ ದಿನ ಹತ್ತಿರದ ಹಳ್ಳಿಯೊಂದರಲ್ಲಿ ಕಲ್ಲಿನ ಖಣಿ ದೊಡ್ಡದು ಮಾಡುವ ಬಗ್ಗೆ ಸಾರ್ವಜನಿಕ ಸಭೆ ನಡೆದಿತ್ತು. ಕೃಷಿ ಇಲಾಖೆಯಲ್ಲಿರುವ ಅಳಿಯ ರಜೆ ಹಾಕಿ ಹೋಗಿ ಮೈಕಿನಲ್ಲಿ ವಿರೋಧವಾಗಿ ಮಾತಾಡಿದ್ದ. ಆ ಕಲ್ಲು ಸುಡುವ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ನಮ್ಮ ಯಜಮಾನರು ಅದೇ ಶಾಮಿಯಾನದ ಇನ್ನೊಂದು ಬದಿಗೆ ಕೂತಿದ್ದರು. ಅಲ್ಲಿ ಮುಗಿಯದ್ದು ಇಲ್ಲಿ ನಡೆದಿತ್ತು.

"ಭೂಮಿ ಅಂದ್ರ ಹಿಂಗೇ ಇರ್ತದಪ," ಎನ್ನುತ್ತಿದ್ದರು ಭಾವ. "ಒಂದ್ ಕಾಲಕ್ಕ ಕಾಯ್ತದ, ಒಂದ್ ಕಾಲಕ್ಕ ಆರ್ತದ. ಈ ಸೇಡಂ, ಮಳಖೇಡ, ಚಿತ್ತಾಪುರ ಪೂರಾ ಸಮುದ್ರದ ತಳ ಇತ್ತು. ಇಲ್ಲಾಂದ್ರ ಈ ಸುಣ್ಣದ ಕಲ್ಲು ಎಲ್ಲಿಂದ ಬಂತು? ಆ ಸಮುದ್ರ ಒಣಗಿಸಲಿಕ್ಕ ಆವಾಗ ಯಾವ ಕಾರ್ಖಾನಿ ಬಂದಿತ್ತು?"

"ದೊಡ್ಡ ಮಾವಾರ, ಆ ಕಲ್ಲೇ ಈಗ ಸುಡಲಿಕತ್ತೀವಲ್ರಿ! ಅದರಾಗ ಅಡಗಿದ್ದ ಗಾಳಿ ಬಿಡಿಸಿ ಮ್ಯಾಲ ಕಳಸಲಿಕತ್ತೀವಿ. ಸುಡಲಿಕ್ಕ ಹಾಕೋ ಕಲ್ಲಿದ್ದಲಿಂದು ಬ್ಯಾರೆ."

"ಅಳೇ ದೇವ್ರು ನಿನ್ನೆ ಹಿಡದ ಮೈಕು ಇನ್ನಾ ಬಿಟ್ಟಿಲ್ಲ ನೋಡು," ಎಂದು ಭಾವ ನಕ್ಕರು.

ಯಜಮಾನರು ನಗಲಿಲ್ಲ. "ನಿಮ್ಮ ಚಿಂಚೋಳಿ ಮನಿ ಸ್ಲ್ಯಾಬು ಯಾತರದ್ರಿ? ನೀವು ಬಂದ ಕಾರು ನೀರಿನ ಮ್ಯಾಲ ನಡೀತದೇನು? ಇಡೀ ದುನಿಯಾ ಹೊಗಿ ಬಿಡ್ತದ, ನಿಮಗ ನಮ್ಮ ಚಿಮಣಿ ಒಂದೇ ಕಾಣ್ತದ."

ನಾನು ಬಾಗಿಲಲ್ಲಿ ನಿಂತಿದ್ದೆ. ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದ ಒಂದು ಶಿಸ್ತು ಮೈಗೆ ಹತ್ತಿಬಿಟ್ಟಿದೆ: ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಅವರ ಮಾತು ನಿಂತ ಮೇಲೆ ಕೈ ಎತ್ತಬೇಕು. ಮಾತು ನಿಲ್ಲಲಿಲ್ಲ. ಒಬ್ಬರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಇನ್ನೊಬ್ಬರು ನುಗ್ಗುತ್ತಿದ್ದರು. ಕೊನೆಗೆ, "ಏನ್ರಿ, ಕೂಸು ಹಾಲು..." ಎಂದೆ.

"ಹಾಲು ಬ್ಯಾಡ, ಮಜ್ಜಿಗಿ ತಗೊಂಡು ಬಾ," ಎಂದರು ಯಜಮಾನರು, ಟಿವಿಯಿಂದ ಕಣ್ಣು ಕೀಳದೆ.

ಅಳಿಯ ನನ್ನ ಕಡೆ ತಿರುಗಿದ. "ಅತ್ತಿಯೋರ, ನೀವೇ ಹೇಳ್ರಿ. ನೀವು ಕಾನ್ವೆಂಟ್ ಓದಿದವರು, ಸುಳ್ಳು ಹೇಳಂಗಿಲ್ಲ. ಮೊದಲಿಗಿಂತ ಬಿಸಲು ಹೆಚ್ಚಾಗ್ಯಾದೋ ಇಲ್ಲೋ?"

ನನ್ನನ್ನು ಯಾರಾದರೂ ಕೇಳಿದರಲ್ಲ ಎಂದು ಒಂದು ಕ್ಷಣ ಉಸಿರು ಬಂತು. ಇದರ ಮೂಲಕವೇ ಹೇಳೋಣ ಎಂದುಕೊಂಡೆ. "ಹೆಚ್ಚಾಗ್ಯಾದ. ನನ್ನ ಬಾಣಂತನದಾಗ ಇದೇ ತಿಂಗಳ ನಸುಕಿನ್ಯಾಗ ಕೌದಿ ಬೇಡಿದ್ದೆ. ಈಗ ಆ ಖೋಲ್ಯಾಗ..."

"ಕೇಳ್ರಿ ದೊಡ್ಡ ಮಾವಾರ! ಮನಿ ಸಾಕ್ಷಿ!" ಅಳಿಯ ತೊಡೆ ತಟ್ಟಿದ.

"ಒಬ್ಬರ ನೆನಪು ಅಂದ್ರ ಸಾಕ್ಷಿ ಆಗಂಗಿಲ್ಲ," ಎಂದರು ಭಾವ. "ಆ ವರ್ಷ ಅಡ್ಡಮಳಿ ಬಿದ್ದಿರಬೇಕು. ಏನವ್ವಾ, ಮಳಿ ಬಂದಿತ್ತೇನ ಆವಾಗ? ನೆನಪು ಮಾಡ್ಕೋ."

ನಾನು ನಿಜವಾಗಿಯೂ ನೆನಪು ಮಾಡಿಕೊಳ್ಳತೊಡಗಿದೆ. ಮಳೆ ಬಂದಿತ್ತೋ ಇಲ್ಲವೋ ಎಂದು ಆ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದೆ, ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕೆನ್ನುವ ಅಭ್ಯಾಸಕ್ಕೆ. ಅಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ಕೂಲರಿನ ಗಾಳಿಗೆ ಭಾವನ ಧೋತರದ ಚುಂಗು ಹಾರುತ್ತಿತ್ತು. ಒಳಗಿನಿಂದ ಮಗಳ ದನಿ ಬಂತು, "ಮಮ್ಮೀ," ಎಂದು. ಕೂಗಿದ್ದಲ್ಲ. ಕೂಗಲು ಹೋಗಿ ಅರ್ಧಕ್ಕೆ ಕಡಿದುಹೋದದ್ದು. ತಿರುಗಿ ನೋಡಿದರೆ, ಅವಳ ತೋಳಿನಲ್ಲಿ ಕೂಸಿನ ತಲೆ ಹಿಂದಕ್ಕೆ ಬಿದ್ದಿತ್ತು.

ನಾನು ಕೂಗಲಿಲ್ಲ, ನನಗೆ ಬರುವುದಿಲ್ಲ. ಹೋಗಿ ಕೂಲರಿನ ಬಟನ್ ಆರಿಸಿದೆ.

ಅದರ ಗರಗರ ಸದ್ದು ನಿಂತಿತು. ಮೂವರೂ ತಲೆ ಎತ್ತಿ ನೋಡಿದರು. "ಕರೆಂಟ್ ಹೋತೇನು?" ಎಂದರು ಭಾವ. "ಕೂಸು ಮೈ ಬಿಟ್ಟದ," ಎಂದೆ.

ಅಳಿಯ ಓಡಿದ ರಭಸಕ್ಕೆ ನೀರಿನ ಲೋಟ ಉರುಳಿತು. ಅವನು ಕೂಸನ್ನು ಎತ್ತಿದಾಗ ಅದರ ಕೈ ಹಸಿ ಬಟ್ಟೆಯ ಹಾಗೆ ಜೋತುಬಿತ್ತು. ಅವನ ಕಾರಿನಲ್ಲೇ ಎಲ್ಲರೂ ತುರುಕಿಕೊಂಡು ಶಹಾಬಾದಿಗೆ ಹೊರಟೆವು. ರಸ್ತೆಯುದ್ದಕ್ಕೂ ಕಲ್ಲಿನ ಖಣಿಗಳು ಬಾಯಿ ತೆರೆದು ಬಿದ್ದಿದ್ದವು. ಬಿಸಿಲಿಗೆ ಅವುಗಳ ಮೇಲಿನ ಗಾಳಿ ಕುದಿಯುವ ನೀರಿನಂತೆ ಅಲುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ತಲೆಯ ಬಟ್ಟೆ ತಾನೇ ಕಿತ್ತೆಸೆದಳು. ಅತ್ತೆಯವರು ಅದನ್ನು ಎತ್ತಿಕೊಂಡು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ಮತ್ತೆ ಕಟ್ಟಲಿಲ್ಲ. ಆ ದಿನ ಗಂಡಸರು ಸುಮ್ಮನಿದ್ದದ್ದು ಆ ದಾರಿಯಲ್ಲಿ ಮಾತ್ರ.

ದವಾಖಾನೆಯಲ್ಲಿ ಡಾಕ್ಟರಮ್ಮ ಕೂಸನ್ನು ಬಿಚ್ಚಿ ಮಲಗಿಸಿದರು. ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕಲು ನರ್ಸಮ್ಮ ಪಟ್ಟ ಪಾಡು ನೋಡಲಾರದೆ ನಾನು ಅವಳ ಚಪ್ಪಲಿ ನೋಡುತ್ತ ನಿಂತೆ. ಒಂದರ ಪಟ್ಟಿಗೆ ಪಿನ್ನು ಹಾಕಿದ್ದಳು.

"ಪೂರಾ ಒಣಗ್ಯಾದ. ಬಿಸಲು ಬಡದದ," ಎಂದರು ಡಾಕ್ಟರಮ್ಮ. "ಖೋಲಿ ಹ್ಯಾಂಗದ ನಿಮ್ಮದು? ಬೆಂಕಿ ಇಡ್ತೀರೇನ್ರಿ?"

"ಬೆಂಕಿ ಎಲ್ಲೀದ್ರಿ, ಜರಾ ಬೆಚ್ಚಗ..." ಅತ್ತೆಯವರು ತಡವರಿಸಿದರು.

"ಇಟ್ಟೀವ್ರಿ," ಎಂದೆ. "ಹೊರಸಿನ ಕೆಳಗ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಈ ವಾರ ಇದು ಎಷ್ಟನೇದೋ," ಎಂದು ತಮ್ಮಷ್ಟಕ್ಕೆ ಅಂದುಕೊಂಡು ಮುಂದಿನ ಮಂಚಕ್ಕೆ ಹೋದರು. ಅಲ್ಲೂ ಒಬ್ಬ ಅಜ್ಜಿ, ಅಲ್ಲೂ ಒಂದು ಕುಂಚಿಗೆ.

ಪರದೆಯ ಆಚೆ ನಿಂತಿದ್ದ ಗಂಡಸರಿಗೆ ಕೇಳಿದ್ದು 'ಬಿಸಲು ಬಡದದ' ಎಂಬುದಷ್ಟೇ. ಅಳಿಯ ಬೆಂಚಿನ ಮೇಲೆ ಕುಸಿದು ಕೂತ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಸ್ವಲ್ಪ ಹೊತ್ತಿಗೆ ಫೋನು ತೆಗೆದು, ನಿನ್ನೆಯ ಸಭೆಯವರ ಗುಂಪಿಗೆ ಏನೋ ಬರೆದು, ಕೂಸಿನ ಸೂಜಿ ಚುಚ್ಚಿದ ಕೈಯ ಫೋಟೋ ಹಾಕಿದ. ಅದು ಹೇಗೋ ಯಜಮಾನರ ಫೋನಿಗೂ ಬಂತು. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿ ಓದಿದರು.

"ನಮ್ಮ ಚಿಮಣಿ ಮ್ಯಾಲ ಹಾಕಿದ್ರೇನು ಇದನ್ನೂ?"

"ಮತ್ತ ಯಾರ ಮ್ಯಾಲ ಹಾಕ್ಲಿ ಮಾವಾರ? ಡಾಕ್ಟರೇ ಹೇಳ್ಯಾರಲ್ಲ ಬಿಸಲು ಅಂತ."

"ಬಿಸಲು ಅಂದಾರ. ಬಿಸಲು ಯಾರ ಮಾಡ್ಯಾರ ಅಂತ ಅಂದಿಲ್ಲ," ಎಂದರು ಭಾವ.

ದವಾಖಾನೆಯೆಂದು ದನಿ ತಗ್ಗಿಸಿದ್ದರು. ಆದರೆ ಅದೇ ಮಾತು, ಅದೇ ಜಾಗದಿಂದ, ನಡುಮನೆಯಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಯಿತು. ನಾನು ಹೊರಗೆ ಬಂದು, "ಹೊರಸಿನ ಕೆಳಗ ಕೆಂಡ ಇತ್ರಿ," ಎಂದೆ. ಮೂವರೂ ನನ್ನ ಕಡೆ ನೋಡಿ, ಇದು ಹೆಂಗಸರ ಮಾತು ಎನ್ನುವಂತೆ ತಲೆಯಾಡಿಸಿದರು. "ಅದು ಮೊದಲಿಂದ ಇದ್ದದ್ದೇ ಅಲ್ಲೇನು," ಎಂದರು ಯಜಮಾನರು, ಮೆತ್ತಗೆ, ನನ್ನನ್ನು ಸಮಾಧಾನ ಮಾಡುವವರ ಹಾಗೆ.

ಅಳಿಯನ ಮಾತು ಖರೆ ಎಂದು ನಾನು ನಂಬುತ್ತೇನೆ. ನನ್ನ ಮನೆಯ ಮಾಳಿಗೆ ಈಗ ನಸುಕಿನಲ್ಲಿ ಆರುವುದಿಲ್ಲ. ಅದಕ್ಕೆ ಕಾರಣ ನಾವೇ, ನಾವು ಸುಡುವುದೇ. ನನಗೆ ತಡೆಯಲಾಗದ್ದು ಬೇರೆ. ಖರೆ ಹೇಳುವವನೂ ಕೂಲರಿನ ಮುಂದೆಯೇ ಕೂತಿದ್ದ. ಹತ್ತು ಹೆಜ್ಜೆ ಒಳಗೆ ಅವನ ಮಗಳ ಕೆಳಗೆ ಬೆಂಕಿ ಇತ್ತು, ಅದನ್ನು ಯಾರು ಇಟ್ಟರೆಂದು ವಾದ ಮಾಡಬೇಕಾಗಿರಲಿಲ್ಲ, ಬಗ್ಗಿ ತೆಗೆದರೆ ಸಾಕಿತ್ತು. ಬಗ್ಗಿ ತೆಗೆಯುವಂಥ ಬೆಂಕಿಯೇ ನಮ್ಮ ಕಣ್ಣಿಗೆ ಬೀಳದಿದ್ದರೆ, ಆಕಾಶದ ತುಂಬ ಹರಡಿದ್ದನ್ನು ಯಾರು ಯಾವಾಗ ತೆಗೆದಾರು?

ಸಂಜೆಯ ಹೊತ್ತಿಗೆ ಕೂಸು ಬಟ್ಟೆ ಹಸಿ ಮಾಡಿತು. ನರ್ಸಮ್ಮ ನಗುತ್ತ ಬಂದು ಹೇಳಿದಳು. ನಾನು ಆ ಹಸಿ ಚೌಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಆದರೂ ಡಾಕ್ಟರಮ್ಮ, "ಈಗೇ ಏನೂ ಹೇಳಂಗಿಲ್ಲ, ಇಲ್ಲೇ ಇರಲಿ," ಎಂದರು. ಬಟ್ಟೆಬರೆ ತರಲು ನಾನೂ ಅತ್ತೆಯವರೂ ಟಂಟಂ ಆಟೊ ಹಿಡಿದು ವಾಡಿಗೆ ಬಂದೆವು. ದಾರಿಯಲ್ಲಿ ಅವರು ಮಗಳ ತಲೆಯ ಬಟ್ಟೆಯನ್ನು ಮಡಿಚುವುದು, ಬಿಚ್ಚುವುದು ಮಾಡುತ್ತಲೇ ಇದ್ದರು.

ಮನೆಯಲ್ಲಿ ಟಿವಿ ಹಾಗೇ ನಡೆದಿತ್ತು. ನಾಲ್ಕು ಚೌಕ, ಬೇರೆ ನಾಲ್ಕು ಮುಖ. ಅತ್ತೆಯವರು ನೇರ ಒಳಗೆ ಹೋಗಿ, ನಾನು ಖೋಲಿಯ ಹೊರಗಿಟ್ಟಿದ್ದ ಅಗ್ಗಿಷ್ಟಿಗೆಯನ್ನು ಹಿತ್ತಲಿಗೆ ಒಯ್ದು ಚೊಂಬಿನಿಂದ ನೀರು ಸುರಿದರು. ಬೂದಿಯ ಒಳಗೆ ಇನ್ನೂ ಕೆಂಡವಿತ್ತು. ಸುಂಯ್ ಎಂದು ಆವಿ ಎದ್ದಿತು. ಅದರ ಮುಂದೆಯೇ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ನಿನಗ ಕಾಸೀನಿ. ನಿನ್ನ ನಾದಿನಿಯರಿಗಿ ಕಾಸೀನಿ. ಯಾರಿಗೂ ಏನೂ ಆಗಿಲ್ಲ," ಎಂದರು. "ನನ್ನ ಕೈ ಅದೇ, ಇದ್ದಿಲೂ ಅಷ್ಟೇ. ಬಿಸಲೇ ಬ್ಯಾರೆ ಆಗ್ಯಾದೇನವ್ವಾ?"

ದಿನವಿಡೀ ಆ ಪ್ರಶ್ನೆ ಕೇಳಿದವರಲ್ಲಿ ಉತ್ತರ ಬೇಕಾಗಿದ್ದದ್ದು ಅವರೊಬ್ಬರಿಗೇ. ಅವರ ಬೆನ್ನ ಮೇಲೆ ಕೈ ಇಟ್ಟೆ. ಸೀರೆ ಬೆವರಿನಿಂದ ತೊಯ್ದಿತ್ತು.

ಆಗ ಗೋಡೆಯ ಆಚೆಯಿಂದ ಪಕ್ಕದ ಮನೆಯಾಕೆ ತಲೆ ಹಾಕಿದಳು. ಕೂಸು ಹೇಗಿದೆ ಎಂದು ಕೇಳಿದಳು, ಕೇಳಿ ಲೊಚಗುಟ್ಟಿದಳು, ಶರಣಬಸವೇಶ್ವರನಿಗೆ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತಳು. ಅವಳ ಕಣ್ಣೂ ಒದ್ದೆಯಾಗಿತ್ತು. ಹೋಗಲೆಂದು ತಿರುಗಿದವಳು, ಏನೋ ನೆನಪಾದಂತೆ ಮತ್ತೆ ಗೋಡೆಗೆ ಕೈಯೂರಿದಳು.

"ಹ್ಯಾಂಗೂ ನಿಮ್ಮ ಬಾಣಂತಿ ಇನ್ನಾ ದವಾಖಾನ್ಯಾಗೇ ಇರ್ತಾಳಲ್ರಿ ವೈನಿ, ಆ ಅಗ್ಗಿಷ್ಟಿಗಿ ಖಾಲೀನೇ ಅಲ್ಲ? ಜರಾ ಒರೆಸಿ ಈ ಕಡಿ ಕೊಡ್ರಿ. ನಾಳಿ ಮುಂಜಾನೆ ನಮ್ಮ ಮಗಳು ಕೂಸು ತಗೊಂಡು ಬರ್ತಾಳ."